ಮೇಯರ್ ಇಲ್ಲದ ಊರಿನಿಂದ ಮೇಯರನ್ನು ನೋಡಿದರೆ: ಆದವಾನಿ, ಕರ್ನೂಲು ಮತ್ತು ಸ್ಥಳೀಯ ಆಡಳಿತದ ಕುರ್ಚಿ

(ಆನ್‌ಲೈನ್ ವಿಚಾರಸಂಕಿರಣದಲ್ಲಿ ಮಂಡಿಸಿದ ಪ್ರಬಂಧದ ಲಿಖಿತ ರೂಪ. ಮಾತಿನ ಧಾಟಿಯನ್ನು ಬಹುಮಟ್ಟಿಗೆ ಹಾಗೇ ಉಳಿಸಿಕೊಳ್ಳಲಾಗಿದೆ.)

ದನಿ ಕೇಳಿಸ್ತಿದೆ ಅಂತ ಚಾಟಿನಲ್ಲಿ ಬಂತು, ಹಾಗಾಗಿ ಶುರು ಮಾಡ್ತೀನಿ. ವಿಷಯದ ಹೆಸರು ನೋಡಿ ನಿನ್ನೆ ಕೆಲವರು ಕೇಳಿದ್ರು, ಕನ್ನಡ ಎಂ.ಎ. ಮಾಡೋರಿಗೆ ಆಂಧ್ರದ ಮೇಯರ್ ಯಾಕೆ ಬೇಕು ಅಂತ. ನಾನು ಹೊಳಗುಂದ ಕಡೆಯವಳು. ನಮ್ಮ ಮನೆಮಾತು ಕನ್ನಡ, ಸಂತೆಯ ಮಾತು ತೆಲುಗು, ಓಟು ಕರ್ನೂಲು ಲೋಕಸಭಾ ಕ್ಷೇತ್ರಕ್ಕೆ. 2024ರ ಮೇ ತಿಂಗಳಲ್ಲಿ ಆ ಕ್ಷೇತ್ರಕ್ಕೆ ವೈ.ಎಸ್.ಆರ್. ಕಾಂಗ್ರೆಸ್ ಪಕ್ಷದ ಅಭ್ಯರ್ಥಿಯಾಗಿ ನಿಂತವರು ಕರ್ನೂಲು ನಗರದ ಮೇಯರ್ ಬಿ.ವೈ. ರಾಮಯ್ಯ. ನಮ್ಮ ಮಂಡಲದಲ್ಲಿ ಮೇಯರ್ ಅನ್ನೋ ಹುದ್ದೆ ಇಲ್ಲ. ನಮಗೆ ಹತ್ತಿರದ ಪಟ್ಟಣ ಆದವಾನಿ, ಅಲ್ಲೂ ಇಲ್ಲ. ಅಲ್ಲಿರೋದು ಚೇರ್ಮನ್. ಮೇಯರ್ ಅಂದ್ರೆ ಚೇರ್ಮನ್‌ಗಿಂತ ದೊಡ್ಡೋರಾ ಅಂತ ನಮ್ಮಜ್ಜಿ ಕೇಳಿದ್ಳು. ದೊಡ್ಡ ಊರಿನ ಚೇರ್ಮನ್ ಅಂತ ಹೇಳಿ ಆವತ್ತು ತಪ್ಪಿಸಿಕೊಂಡೆ. ಈ ಪ್ರಬಂಧ ಅದಕ್ಕೆ ಸ್ವಲ್ಪ ಉದ್ದನೆಯ ಉತ್ತರ.

ಮೊದಲು ಊರ ಹೆಸರು. ಕನ್ನಡದಲ್ಲಿ ನಾವು ಆದವಾನಿ ಅಂತೀವಿ. ತೆಲುಗಿನಲ್ಲಿ, ರೈಲ್ವೆ ಬೋರ್ಡಿನಲ್ಲಿ, ಸರ್ಕಾರಿ ಕಾಗದದಲ್ಲಿ ಆದೋನಿ. ವಿಜಯನಗರದ ಕಾಲಕ್ಕೆ ಗಟ್ಟಿ ಕೋಟೆ, ಆಮೇಲೆ ಬಿಜಾಪುರದವರದು. ಬಿಜಾಪುರದ ಪರವಾಗಿ ಇಲ್ಲಿ ಆಳಿದ ಸಿದ್ದಿ ಮಸೂದ್ ಖಾನನ ಹೆಸರು ರಾಘವೇಂದ್ರ ಸ್ವಾಮಿಗಳ ಚರಿತ್ರೆ ಓದಿದವರಿಗೆಲ್ಲ ಗೊತ್ತು, ಮಂಚಾಲೆ ಗ್ರಾಮದ ದಾನದ ಕತೆಯಲ್ಲಿ ಬರುವವನು ಅವನೇ. ಮುಂದೆ ಮೊಗಲರು, ನಿಜಾಮನ ತಮ್ಮ ಬಸಾಲತ್ ಜಂಗ್, 1786ರಲ್ಲಿ ಟಿಪ್ಪು, ಮತ್ತೆ ನಿಜಾಮ, 1800ರಲ್ಲಿ ಕಂಪನಿ. ನಿಜಾಮ ಬಿಟ್ಟುಕೊಟ್ಟ ಈ ಸೀಮೆಗೆ ಥಾಮಸ್ ಮನ್ರೋ ಮುಖ್ಯ ಕಲೆಕ್ಟರಾಗಿ ಬಂದ. 1808ರಲ್ಲಿ ಬಳ್ಳಾರಿ ಜಿಲ್ಲೆ ಆಯಿತು. ಅಲ್ಲಿಂದ 1953ರವರೆಗೆ ಆದವಾನಿ, ಆಲೂರು ಎರಡೂ ಬಳ್ಳಾರಿ ಜಿಲ್ಲೆಯ ತಾಲ್ಲೂಕುಗಳು. ಒಡೆಯರ ಪಟ್ಟಿ ಇಲ್ಲಿಗೆ ಸಾಕು. ನನಗೆ ಬೇಕಾಗಿರೋದು ಈ ಒಡೆಯರೆಲ್ಲ ಬಂದು ಹೋದ ಮೇಲೆ ಊರಿನ ಚರಂಡಿ ಯಾರ ಪಾಲಿಗೆ ಬಂತು ಅನ್ನೋದು.

ಆದವಾನಿ ಪುರಸಭೆ ಶುರುವಾದದ್ದು 1865ರಲ್ಲಿ, ಮದ್ರಾಸು ಸರ್ಕಾರದ ಪಟ್ಟಣ ಸುಧಾರಣಾ ಕಾಯ್ದೆ ಬಂದ ವರ್ಷವೇ. ಅಂದ್ರೆ ಇದು ಹಳೆಯ ಪುರಸಭೆ. 1901ರ ಜನಗಣತಿ ಹೊತ್ತಿಗೆ ಊರಿನ ಜನಸಂಖ್ಯೆ 30 ಸಾವಿರ ದಾಟಿತ್ತು. ಹತ್ತಿ, ನೇಯ್ಗೆ, ಮದ್ರಾಸು–ಮುಂಬಯಿ ರೈಲುದಾರಿ, ಇವು ಮೂರೂ ಊರನ್ನು ಬೆಳೆಸಿದವು. ಆದರೆ ಆರಂಭದಲ್ಲಿ ಪುರಸಭೆ ಅಂದ್ರೆ ಜನರ ಸಭೆ ಅಲ್ಲ. ಕಲೆಕ್ಟರೇ ಅಧಿಕಾರದ ಬಲದಿಂದ ಅಧ್ಯಕ್ಷ, ಸದಸ್ಯರು ಸರ್ಕಾರ ಆರಿಸಿದ ಅಧಿಕಾರಿಗಳು ಮತ್ತು ಊರಿನ ಒಂದಿಷ್ಟು ಗೃಹಸ್ಥರು. ತೆರಿಗೆ ಹಾಕೋದಕ್ಕೆ ಊರಿನವರ ಒಪ್ಪಿಗೆ ಇದೆ ಅಂತ ತೋರಿಸಬೇಕಲ್ಲ, ಅದಕ್ಕೊಂದು ಏರ್ಪಾಡು. ಸುಮ್ಮನೆ ಕುಹಕಕ್ಕೆ ಹೇಳ್ತಿಲ್ಲ, 1857ರ ನಂತರ ಖಾಲಿಯಾದ ಬೊಕ್ಕಸದ ಭಾರವನ್ನು ಊರುಗಳ ಮೇಲೆ ಇಳಿಸೋದು ಆ ಕಾಲದ ನೀತಿಯಾಗಿತ್ತು.

1882ರ ಮೇ ತಿಂಗಳಲ್ಲಿ ಲಾರ್ಡ್ ರಿಪ್ಪನ್ ಹೊರಡಿಸಿದ ನಿರ್ಣಯ, ಅದರ ಹಿಂದೆಯೇ 1884ರ ಮದ್ರಾಸು ಜಿಲ್ಲಾ ಪುರಸಭೆಗಳ ಕಾಯ್ದೆ, ಇವುಗಳಿಂದ ಅಧಿಕಾರಿಯಲ್ಲದವರು ಅಧ್ಯಕ್ಷರ ಕುರ್ಚಿಗೆ ಬರುವ ದಾರಿ ತೆರೆಯಿತು. ನಮ್ಮ ಜಿಲ್ಲೆಯಲ್ಲಿ ಆ ದಾರಿಯ ದೊಡ್ಡ ಹೆಸರು ಬಳ್ಳಾರಿಯ ಹತ್ತಿ ವ್ಯಾಪಾರಿ ರಾವ್ ಬಹದ್ದೂರ್ ಎ. ಸಭಾಪತಿ ಮೊದಲಿಯಾರ್. ಬಳ್ಳಾರಿ ಪುರಸಭೆಯ ಅಧ್ಯಕ್ಷರಾಗಿದ್ದವರು. 1885ರ ಡಿಸೆಂಬರಿನಲ್ಲಿ ಮುಂಬಯಿಯಲ್ಲಿ ಕಾಂಗ್ರೆಸ್ಸಿನ ಮೊದಲ ಅಧಿವೇಶನ ಸೇರಿದಾಗ ಹೋದ ಪ್ರತಿನಿಧಿಗಳಲ್ಲಿ ಒಬ್ಬರು. ಪಕ್ಕದ ಗುತ್ತಿಯಿಂದ ಪಿ. ಕೇಶವ ಪಿಳ್ಳೈ ಕೂಡ ಅದೇ ಅಧಿವೇಶನಕ್ಕೆ ಹೋಗಿದ್ದರು, ಅವರು ಮುಂದೆ 1920ರ ಹೊತ್ತಿಗೆ ಮದ್ರಾಸು ಶಾಸನ ಪರಿಷತ್ತಿನ ಉಪಾಧ್ಯಕ್ಷರಾದರು. ಇಲ್ಲಿ ಒಂದು ವಿಷಯ ಗಮನಿಸಬೇಕು. ಸ್ಥಳೀಯ ಸಭೆಯಿಂದ ಮೇಲಕ್ಕೆ ಹೋಗೋ ಏಣಿ ಮೊನ್ನೆಯದಲ್ಲ, ಮೊದಲ ದಿನದಿಂದಲೂ ಇದೆ. ಆದರೆ ಆ ಕಾಲದ ಅಧ್ಯಕ್ಷನ ಕೈಯಲ್ಲಿ ಲೇಖನಿ ಇತ್ತು. ಕಂತ್ರಾಟಿಗೆ, ನೌಕರರ ನೇಮಕಕ್ಕೆ, ಮಂಜೂರಾತಿಗೆ ಅವನದೇ ರುಜು. 1930ರ ದಶಕದಲ್ಲಿ ಮದ್ರಾಸು ಸರ್ಕಾರ ಕಾಯ್ದೆ ತಿದ್ದಿ ಪುರಸಭೆಗಳಿಗೆ ಕಮಿಷನರುಗಳನ್ನು ನೇಮಿಸತೊಡಗಿತು. ಆಡಳಿತದ ಅಧಿಕಾರ ಅಧ್ಯಕ್ಷನ ಮೇಜಿನಿಂದ ಕಮಿಷನರ ಮೇಜಿಗೆ ಹೋಯಿತು. ಕಾರಣವಾಗಿ ಹೇಳಿದ್ದು ಸ್ವಜನ ಪಕ್ಷಪಾತ, ಗುಂಪುಗಾರಿಕೆ. ಅದರಲ್ಲಿ ಸುಳ್ಳಿಲ್ಲ. ಆದರೆ ಔಷಧಿ ರೋಗಕ್ಕಿಂತ ಹೆಚ್ಚು ದಿನ ಉಳಿಯಿತು ಅನ್ನೋದು ನನ್ನ ಅಭಿಪ್ರಾಯ. ಇವತ್ತಿನ ಆಂಧ್ರದ ಚೇರ್ಮನ್‌ಗಳೂ ಮೇಯರುಗಳೂ ಕೂತಿರೋದು ಲೇಖನಿ ಎತ್ತಿಕೊಂಡು ಹೋದ ಆ ಮೇಜಿನ ಮುಂದೆಯೇ.

ಸಾಹಿತ್ಯದ ವಿದ್ಯಾರ್ಥಿಯಾಗಿ ಇಲ್ಲೊಂದು ಅಡ್ಡಮಾತು. ನಮ್ಮ ಶಾಸನಗಳಲ್ಲಿ ‘ಪಟ್ಟಣಸ್ವಾಮಿ’ ಅನ್ನುವ ಪದ ಬರುತ್ತದೆ. ಹೊಂಬುಜದ ಪಟ್ಟಣಸ್ವಾಮಿ ನೊಕ್ಕಯ್ಯ ಸೆಟ್ಟಿಯ ಹೆಸರು ಹನ್ನೊಂದನೆಯ ಶತಮಾನದ ಶಾಸನ ಓದಿದವರಿಗೆ ಪರಿಚಿತ. ಇವನೇ ಕನ್ನಡನಾಡಿನ ಮೇಯರ್ ಅಂತ ಹೇಳಿಬಿಡೋ ಆಸೆ ಆಗುತ್ತೆ, ಕೆಲವರು ಹೇಳಿಯೂ ಇದ್ದಾರೆ. ನಾನು ಹೇಳೋದಿಲ್ಲ. ಪಟ್ಟಣಸ್ವಾಮಿ ವರ್ತಕರ ಕೂಟದ ಹಿರಿಯ, ಅರಸನ ಅನುಗ್ರಹ ಇದ್ದವನು. ಅವನನ್ನು ಕೇರಿಯವರು ಓಟು ಹಾಕಿ ಕೂರಿಸಲಿಲ್ಲ, ಇಳಿಸೋದಕ್ಕೂ ಅವರಿಂದ ಆಗ್ತಿರಲಿಲ್ಲ. ಒಂದು ಹೋಲಿಕೆ ಮಾತ್ರ ಒಪ್ಪಬಹುದು: ಅವನು ಕೆರೆ ಕಟ್ಟಿಸಿದರೆ ಅದು ಶಾಸನದಲ್ಲಿ ಉಳಿಯುತ್ತಿತ್ತು. ನಮ್ಮ ಕಾಲದಲ್ಲಿ ಆ ಕಲ್ಲಿನ ಮೇಲೆ ಮಂತ್ರಿ, ಸಂಸದ, ಶಾಸಕರ ಹೆಸರೆಲ್ಲ ಕೆತ್ತಿದ ಮೇಲೆ ಜಾಗ ಮಿಕ್ಕರೆ ಅಧ್ಯಕ್ಷರದು.

ಇನ್ನು 1953. ಅದಕ್ಕಿಂತ ಮೊದಲು 1921. ಕಾಂಗ್ರೆಸ್ ತನ್ನ ಪ್ರಾಂತೀಯ ಸಮಿತಿಗಳನ್ನು ಭಾಷೆಯ ಮೇಲೆ ವಿಂಗಡಿಸಿದಾಗ ಬಳ್ಳಾರಿ ಜಿಲ್ಲೆ ಆಂಧ್ರ ಸಮಿತಿಗೋ ಕರ್ನಾಟಕ ಸಮಿತಿಗೋ ಅನ್ನೋ ಜಗಳ ಎದ್ದಿತು. ಎನ್.ಸಿ. ಕೇಳ್ಕರ್ ಮಧ್ಯಸ್ಥಿಕೆ ಮಾಡಿ ಆದವಾನಿ, ಆಲೂರು, ರಾಯದುರ್ಗಗಳನ್ನು ಆಂಧ್ರಕ್ಕೆ, ಉಳಿದದ್ದನ್ನು ಕರ್ನಾಟಕಕ್ಕೆ ಅಂತ ತೀರ್ಪು ಕೊಟ್ಟರು. ಒಂದು ಪಕ್ಷದ ಒಳಗಿನ ಗೆರೆ ಅದು. ಮೂವತ್ತೆರಡು ವರ್ಷದ ಮೇಲೆ ಅದೇ ಗೆರೆ ರಾಜ್ಯದ ಗಡಿಯಾಯಿತು. 1952ರ ಡಿಸೆಂಬರ್ 15ರಂದು ಪೊಟ್ಟಿ ಶ್ರೀರಾಮುಲು ತೀರಿಕೊಂಡರು, ನಾಲ್ಕು ದಿನದಲ್ಲಿ ನೆಹರೂ ಆಂಧ್ರ ರಾಜ್ಯ ಘೋಷಿಸಿದರು, ವಾಂಛೂ ವರದಿ ಬಂತು, ಬಳ್ಳಾರಿ ತಾಲ್ಲೂಕಿಗಾಗಿ ಮಾತ್ರ ಮಿಶ್ರಾ ಆಯೋಗ ಬಂತು. 1953ರ ಅಕ್ಟೋಬರ್ 1ರಂದು ಬಳ್ಳಾರಿ ಮೈಸೂರಿಗೆ ಸೇರಿತು, ಆದವಾನಿ, ಆಲೂರು ಕರ್ನೂಲು ಜಿಲ್ಲೆಗೆ, ರಾಯದುರ್ಗ ಅನಂತಪುರಕ್ಕೆ.

ಕರ್ನಾಟಕ ಏಕೀಕರಣದ ಪುಸ್ತಕಗಳಲ್ಲಿ ಆ ದಿನ ಬಳ್ಳಾರಿಯ ಸಂಭ್ರಮದ ದಿನವಾಗಿ ಬರುತ್ತದೆ. ಸರಿಯೇ. ಆದರೆ ಒಂದು ಪುರಸಭೆಯ ಒಳಗಿಂದ ನೋಡಿ. ಸೆಪ್ಟೆಂಬರ್ 30ರಂದು ಇದ್ದ ಅದೇ ಸದಸ್ಯರು, ಅದೇ ನಲ್ಲಿಗಳು, ಅದೇ ಮದ್ರಾಸು ಕಾಯ್ದೆ ಮರುದಿನವೂ ಇತ್ತು. ಬದಲಾದದ್ದು ಅರ್ಜಿ ಹೋಗೋ ದಿಕ್ಕು. ಜಿಲ್ಲಾ ಕಚೇರಿ ಹತ್ತಿರದ ಬಳ್ಳಾರಿಯಿಂದ ದೂರದ ಕರ್ನೂಲಿಗೆ ಹೋಯಿತು. ಆ ಕರ್ನೂಲು ಆಗ ರಾಜಧಾನಿ ಬೇರೆ, 1956ರವರೆಗೆ. ನ್ಯಾಯಾಲಯ, ಕಾಲೇಜು, ಆಸ್ಪತ್ರೆಗೆಂದು ತಲೆಮಾರುಗಳಿಂದ ಪಶ್ಚಿಮಕ್ಕೆ ನಡೆದ ಕಾಲು ಪೂರ್ವಕ್ಕೆ ತಿರುಗಬೇಕಾಯಿತು. ಸಂಬಂಧಗಳು ಮಾತ್ರ ತಿರುಗಲಿಲ್ಲ. ನಮ್ಮ ಕಡೆ ಈಗಲೂ ಹೆಣ್ಣು ಕೊಡೋದು ತರೋದು ಸಿರುಗುಪ್ಪ, ಬಳ್ಳಾರಿ ಕಡೆಗೇ ಹೆಚ್ಚು.

ತಿರುಗದ ಇನ್ನೊಂದು ಇದೆ, ನೀರು. ತುಂಗಭದ್ರಾ ಅಣೆಕಟ್ಟಿನ ಬಲದಂಡೆ ಕೆಳಮಟ್ಟದ ಕಾಲುವೆ ಬಳ್ಳಾರಿ, ಸಿರುಗುಪ್ಪದ ಕಡೆಯಿಂದ ಆಂಧ್ರಕ್ಕೆ ಇಳಿದು ಆಲೂರು, ಆದವಾನಿ, ಎಮ್ಮಿಗನೂರಿನ ಸೀಮೆಗೆ ಬರುತ್ತದೆ. ಆದವಾನಿಯ ಕುಡಿಯುವ ನೀರಿಗೆ ಆಧಾರ ಈ ಕಾಲುವೆಯಿಂದ ತುಂಬಿಸುವ ಬಸಾಪುರದ ಬೇಸಿಗೆ ಕೆರೆ. ಕಾಲುವೆಯನ್ನು ನೋಡಿಕೊಳ್ಳೋದು ತುಂಗಭದ್ರಾ ಮಂಡಳಿ, ಅದೂ 1953ರ ಆಂಧ್ರ ರಾಜ್ಯ ಕಾಯ್ದೆಯ ಕೂಸೇ. ಈಗ ಯೋಚನೆ ಮಾಡಿ: ಆದವಾನಿಯ ಚೇರ್ಮನ್ ಯಾವ ಪಕ್ಷದವರೇ ಇರಲಿ, ಅವರ ಮೊದಲ ಕೆಲಸ ನೀರು. ಆ ನೀರು ಬರೋದು ಇನ್ನೊಂದು ರಾಜ್ಯದ ಹೊಲಗಳನ್ನು ದಾಟಿ, ಎರಡು ರಾಜ್ಯಗಳೂ ಕೂತ ಮಂಡಳಿಯ ತೀರ್ಮಾನದಂತೆ. ಪುರಸಭೆಯ ಅಧ್ಯಕ್ಷರಿಗೆ ಅಲ್ಲಿ ಕುರ್ಚಿ ಇಲ್ಲ. 2024ರ ಆಗಸ್ಟ್ 10ರ ರಾತ್ರಿ ಅಣೆಕಟ್ಟಿನ 19ನೇ ಕ್ರಸ್ಟ್ ಗೇಟು ಕೊಚ್ಚಿಹೋದಾಗ ಹೊಸಪೇಟೆಯಷ್ಟೇ ಚಿಂತೆ ನಮ್ಮ ಕಡೆಯೂ ಇತ್ತು. ಕನ್ನಡ ಟಿ.ವಿ.ಯಲ್ಲಿ ನಾಲ್ಕು ಜಿಲ್ಲೆಯ ರೈತರ ಬಗ್ಗೆ ಹೇಳಿದರು, ಆಂಧ್ರದ ಕೊನೆಗೆ ನಲ್ಲಿ ಕೆಳಗೆ ಕೊಡ ಇಟ್ಟುಕೊಂಡು ಕೂತವರಲ್ಲಿ ಕನ್ನಡದವರೂ ಇದ್ದಾರೆ ಅನ್ನೋದು ಯಾರಿಗೂ ಹೊಳೆಯಲಿಲ್ಲ. ಇದು ದೂರು ಅಲ್ಲ, ಗಡಿಯ ಗುಣ.

ಈಗ ಕರ್ನೂಲಿನ ಮೇಯರ್ ವಿಷಯಕ್ಕೆ ಬರ್ತೀನಿ. ಕರ್ನೂಲು ಪುರಸಭೆ 1994ರಲ್ಲಿ ಕಾರ್ಪೊರೇಷನ್ ಆಯಿತು, ಚೇರ್ಮನ್ ಇದ್ದಲ್ಲಿ ಮೇಯರ್ ಬಂದರು. ಅದರ ಹಿಂದಿನ ವರ್ಷವಷ್ಟೇ ಸಂವಿಧಾನದ 74ನೇ ತಿದ್ದುಪಡಿ ಜಾರಿಗೆ ಬಂದಿತ್ತು. ಐದು ವರ್ಷಕ್ಕೊಮ್ಮೆ ಚುನಾವಣೆ ಆಗಲೇಬೇಕು, ವಿಸರ್ಜನೆಯಾದರೆ ಆರು ತಿಂಗಳಲ್ಲಿ ಹೊಸ ಸಭೆ ಬರಬೇಕು ಅಂತ ಅದು ಹೇಳುತ್ತದೆ. ಆಂಧ್ರದಲ್ಲಿ ಒಂದು ಕಾಲಕ್ಕೆ ಮೇಯರನ್ನೂ ಚೇರ್ಮನ್ನನ್ನೂ ಜನರೇ ನೇರವಾಗಿ ಆರಿಸ್ತಿದ್ದರು. 2005ರ ಚುನಾವಣೆಯಿಂದ ಗೆದ್ದ ಸದಸ್ಯರು ಆರಿಸುವ ಪದ್ಧತಿ. ಹಾಗೆ 2005ರಲ್ಲಿ ಬಂದ ಸಭೆಯ ಅವಧಿ 2010ರಲ್ಲಿ ಮುಗಿಯಿತು. ಮುಂದಿನ ಸಭೆ ಯಾವಾಗ ಬಂತು? 2021ರಲ್ಲಿ. ಹತ್ತು ವರ್ಷಕ್ಕೂ ಮೇಲೆ ಕರ್ನೂಲಿಗೆ ಮೇಯರೇ ಇರಲಿಲ್ಲ, ವಿಶೇಷಾಧಿಕಾರಿಗಳ ಆಡಳಿತ. 2014ರ ಮಾರ್ಚಿನಲ್ಲಿ ಆದವಾನಿಗೆ ಪುರಸಭಾ ಚುನಾವಣೆ ನಡೆಯಿತು, ಕರ್ನೂಲಿಗೆ ನಡೆಯಲಿಲ್ಲ. ಶೀರ್ಷಿಕೆಯಲ್ಲಿ ‘ಮೇಯರ್ ಇಲ್ಲದ ಊರು’ ಅಂತ ಬರೆದದ್ದು ಆದವಾನಿಯನ್ನು ನೆನೆದು. ಆಮೇಲೆ ನೋಡಿದರೆ ಕರ್ನೂಲಿಗೇ ಅದು ಹೆಚ್ಚು ಒಪ್ಪುತ್ತೆ.

ಆ ಹತ್ತು ವರ್ಷ ಸುಮ್ಮನೆ ಕಳೆದದ್ದಲ್ಲ. 2009ರ ಅಕ್ಟೋಬರಿನ ತುಂಗಭದ್ರಾ ಪ್ರವಾಹ ಮಂತ್ರಾಲಯವನ್ನೂ ಕರ್ನೂಲನ್ನೂ ಮುಳುಗಿಸಿತ್ತು. ತುಂಗಭದ್ರಾ, ಹಂದ್ರಿ ಎರಡೂ ಕೂಡುವ ಜಾಗದಲ್ಲಿರುವ ಊರು ಅದು. ಮುಳುಗಿದ ಊರನ್ನು ಮತ್ತೆ ಎಬ್ಬಿಸುವ ಕಾಲಕ್ಕೆ, ಯಾವ ಕೇರಿಗೆ ಮೊದಲು ಚರಂಡಿ, ನದಿಯಂಚಿನ ಮನೆಗಳನ್ನು ಎಲ್ಲಿಗೆ ಸಾಗಿಸಬೇಕು ಅಂತ ತೀರ್ಮಾನಿಸುವ ಕಾಲಕ್ಕೆ ಕೇರಿಯ ಪರವಾಗಿ ಬೆರಳೆತ್ತಿ ಮಾತಾಡುವ ಸದಸ್ಯರೇ ಸಭಾಂಗಣದಲ್ಲಿ ಇಲ್ಲ. ಕಮಿಷನರೇ ಪ್ರಸ್ತಾವ ಬರೆದು, ವಿಶೇಷಾಧಿಕಾರಿ ಒಪ್ಪಿದರೆ ಮುಗೀತು. 1865ರ ಕಲೆಕ್ಟರ್ ಅಧ್ಯಕ್ಷನಿಗೂ ಇದಕ್ಕೂ ಏನು ವ್ಯತ್ಯಾಸ ಅಂತ ನಾನು ಎಷ್ಟೋ ಸಲ ಯೋಚಿಸಿದ್ದೀನಿ. ಕಲೆಕ್ಟರ್ ಅಧ್ಯಕ್ಷನಾಗಿದ್ದಾಗ ನಾಲ್ಕು ಗೃಹಸ್ಥರಾದರೂ ಪಕ್ಕದಲ್ಲಿ ಕೂತಿರ್ತಿದ್ದರು.

2021ರ ಮಾರ್ಚ್ 10ರಂದು ರಾಜ್ಯದ ಪುರಸಭೆ, ಕಾರ್ಪೊರೇಷನ್‌ಗಳಿಗೆ ಚುನಾವಣೆ ನಡೆಯಿತು. ಕರ್ನೂಲಿನ 52 ವಾರ್ಡುಗಳಲ್ಲಿ ವೈ.ಎಸ್.ಆರ್. ಕಾಂಗ್ರೆಸ್ಸಿಗೆ ಬಹುಮತ ಬಂತು. ಆ ತಿಂಗಳ 18ರಂದು ಬಿ.ವೈ. ರಾಮಯ್ಯ ಮೇಯರ್ ಆದರು. ಅವರು ಅದಕ್ಕೆ ಮೊದಲು ಜಿಲ್ಲೆಯಲ್ಲಿ ಪಕ್ಷದ ಅಧ್ಯಕ್ಷರಾಗಿ ಕೆಲಸ ಮಾಡಿದವರು. ಪಕ್ಷದ ಜಿಲ್ಲಾಧ್ಯಕ್ಷ, ಕಾರ್ಪೊರೇಟರ್, ಮೇಯರ್, ಮೂರು ವರ್ಷಕ್ಕೆ ಲೋಕಸಭೆಯ ಅಭ್ಯರ್ಥಿ. ವೇಗ ನೋಡಿದರೆ ಯೋಜನೆ ಹಾಕಿ ಹತ್ತಿದ ಮೆಟ್ಟಿಲು ಅನ್ನಿಸಬಹುದು, ನಿಜ ಹಾಗಲ್ಲ. ಲೋಕಸಭೆಗೆ ಪಕ್ಷ ಮೊದಲು ಹೇಳಿದ್ದು ಆಲೂರಿನ ಶಾಸಕ, ಮಂತ್ರಿ ಗುಮ್ಮನೂರು ಜಯರಾಂ ಅವರಿಗೆ. ಅವರು ಒಪ್ಪದೆ ತೆಲುಗುದೇಶಂಗೆ ಹೋಗಿ ಗುಂತಕಲ್ಲಿನಲ್ಲಿ ನಿಂತು ಗೆದ್ದರು. ತೆರವಾದ ಜಾಗಕ್ಕೆ ಮೇಯರ್ ಬಂದರು.

ಯಾಕೆ ಇವರೇ ಅನ್ನೋದಕ್ಕೆ ಉತ್ತರ ಕಾರ್ಪೊರೇಷನ್ ಕಡತದಲ್ಲಿ ಸಿಗೋದಿಲ್ಲ, ಪಶ್ಚಿಮದ ಹಳ್ಳಿಗಳಲ್ಲಿ ಸಿಗುತ್ತೆ. ಜಯರಾಂ, ರಾಮಯ್ಯ ಇಬ್ಬರೂ ವಾಲ್ಮೀಕಿ ಬೋಯ ಸಮುದಾಯದವರು. ಎದುರು ನಿಂತು ಒಂದು ಲಕ್ಷಕ್ಕೂ ಹೆಚ್ಚು ಅಂತರದಿಂದ ಗೆದ್ದ ತೆಲುಗುದೇಶಂನ ಬಸ್ತಿಪಾಟಿ ನಾಗರಾಜು ಕುರುಬ ಸಮುದಾಯದವರು. ಆದವಾನಿ, ಆಲೂರು, ಮಂತ್ರಾಲಯ, ಎಮ್ಮಿಗನೂರು ವಿಧಾನಸಭಾ ಕ್ಷೇತ್ರಗಳಲ್ಲಿ ಈ ಎರಡು ಸಮುದಾಯಗಳು ದೊಡ್ಡವು. ಇಲ್ಲಿರೋರಿಗೆ ಈ ಹೆಸರುಗಳು ಹೊಸವಲ್ಲ, ಬಳ್ಳಾರಿಯ ರಾಜಕಾರಣದಲ್ಲೂ ಇವೇ ಸಮುದಾಯಗಳು. ಆದರೆ ಒಂದು ವ್ಯತ್ಯಾಸ ಗಡಿಯಿಂದಲೇ ಹುಟ್ಟಿದ್ದು. ಕರ್ನಾಟಕದಲ್ಲಿ ನಾಯಕ, ವಾಲ್ಮೀಕಿ ಅಂದ್ರೆ ಪರಿಶಿಷ್ಟ ಪಂಗಡ. ಬಳ್ಳಾರಿ ಲೋಕಸಭಾ ಕ್ಷೇತ್ರ 2009ರಿಂದ ಆ ವರ್ಗಕ್ಕೆ ಮೀಸಲು. ರಾಯಲಸೀಮೆಯಲ್ಲಿ ವಾಲ್ಮೀಕಿ ಬೋಯರು ಹಿಂದುಳಿದ ವರ್ಗ. ಅವರನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಬೇಕು ಅಂತ ಆಂಧ್ರ ವಿಧಾನಸಭೆ 2017ರಲ್ಲಿ ಒಮ್ಮೆ, 2023ರಲ್ಲಿ ಇನ್ನೊಮ್ಮೆ ನಿರ್ಣಯ ಮಾಡಿದೆ. ಒಂದೇ ಮನೆಯ ಅಕ್ಕನ ಮಗ ಸಿರುಗುಪ್ಪದಲ್ಲಿ ಒಂದು ಮೀಸಲಿನಲ್ಲಿ, ತಂಗಿಯ ಮಗ ಹೊಳಗುಂದದಲ್ಲಿ ಇನ್ನೊಂದು ಮೀಸಲಿನಲ್ಲಿ. ಸ್ಥಳೀಯ ಸಂಸ್ಥೆಯಲ್ಲಿ ಯಾರು ಯಾವ ಕುರ್ಚಿಯವರೆಗೆ ಹೋಗಬಹುದು ಅನ್ನೋದನ್ನು 1953ರ ಗೆರೆ ಇವತ್ತಿಗೂ ತೀರ್ಮಾನಿಸುತ್ತಿದೆ.

ಮೇಯರ್ ಆಗಿ ಮಾಡಿದ ಕೆಲಸಕ್ಕೂ ಲೋಕಸಭೆಯ ಸೋಲಿಗೂ ನೇರ ಸಂಬಂಧ ಕಟ್ಟೋದು ಸರಿಯಲ್ಲ. 2024ರಲ್ಲಿ ರಾಜ್ಯದ ಗಾಳಿಯೇ ಆ ಕಡೆ ಇತ್ತು. ನನ್ನ ಕುತೂಹಲ ಬೇರೆ: ಮೇಯರ್ ಆಗಿದ್ದರಿಂದ ಅವರಿಗೆ ಸಿಕ್ಕಿದ್ದೇನು? ಅಧಿಕಾರ ಕಮಿಷನರದು. ಸಭೆ ನಡೆಸೋದು, ಸ್ಥಾಯಿ ಸಮಿತಿ, ಉದ್ಘಾಟನೆ ಮೇಯರದು. ಸಾಲದ್ದಕ್ಕೆ 2019ರ ಅಕ್ಟೋಬರ್ 2ರಂದು ಶುರುವಾದ ಗ್ರಾಮ–ವಾರ್ಡ್ ಸಚಿವಾಲಯಗಳ ವ್ಯವಸ್ಥೆ ಆ ಹೊತ್ತಿಗೆ ಬೇರೂರಿತ್ತು. ಆಗ ಪಿಂಚಣಿ ಮನೆಬಾಗಿಲಿಗೆ ತರ್ತಿದ್ದೋನು ವಾಲಂಟಿಯರ್, ಅರ್ಜಿ ತಗೊಳ್ತಿದ್ದದ್ದು ವಾರ್ಡ್ ಸಚಿವಾಲಯ, ಹಣ ಹಾಕ್ತಿದ್ದದ್ದು ರಾಜ್ಯ ಸರ್ಕಾರ. 2021ರಲ್ಲಿ ಗೆದ್ದು ಬಂದ ಕಾರ್ಪೊರೇಟರಿಗೆ ತನ್ನ ವಾರ್ಡಿನಲ್ಲಿ ಮಾಡೋದಕ್ಕೆ ಕೆಲಸವೇ ಉಳಿದಿರಲಿಲ್ಲ ಅಂದರೆ ಅತಿಶಯ ಆಗಬಹುದು, ಆದರೆ ಪೂರ್ತಿ ಅಲ್ಲ. ಜನಕ್ಕೆ ಅನುಕೂಲವಾಯಿತು, ನಮ್ಮಜ್ಜಿಗೂ ಆಯಿತು. ಕಛೇರಿ ಮೆಟ್ಟಿಲು ಹತ್ತೋದು ತಪ್ಪಿತು. ಜೊತೆಗೆ, ಸದಸ್ಯನ ಮನೆ ಮೆಟ್ಟಿಲು ಹತ್ತಿ ಜಗಳಾಡೋದೂ ತಪ್ಪಿತು.

ಗಡಿಯ ಈಚೆ ಬಳ್ಳಾರಿಯನ್ನು ಹೊಗಳೋಣ ಅಂದರೆ ಅಲ್ಲೂ ಕಷ್ಟ. ಕರ್ನಾಟಕದ ಕಾಯ್ದೆಯಲ್ಲಿ ಮೇಯರ್ ಅವಧಿ ಒಂದೇ ವರ್ಷ. ಕಡತ ಅರ್ಥವಾಗುವ ಹೊತ್ತಿಗೆ ಬೀಳ್ಕೊಡುಗೆ. ಆದರೆ ಹಲವರಿಗೆ, ಹಲವು ಸಮುದಾಯದವರಿಗೆ, ಹೆಣ್ಣುಮಕ್ಕಳಿಗೆ ಸರದಿ ಬರುತ್ತೆ ಅನ್ನೋದು ಅದರ ಒಳ್ಳೆಯ ಮುಖ. ಆಂಧ್ರದಲ್ಲಿ ಐದು ವರ್ಷ, ಮೊದಲ ನಾಲ್ಕು ವರ್ಷ ಅವಿಶ್ವಾಸ ತರುವ ಹಾಗಿಲ್ಲ ಅನ್ನೋ ರಕ್ಷಣೆಯ ಜೊತೆ. ಭದ್ರವಾದ ಕುರ್ಚಿ, ಬರಿದಾದ ಮೇಜು. ಆರಿಸಿಕೋ ಅಂದ್ರೆ ನಾನು ಐದು ವರ್ಷವನ್ನೇ ಆರಿಸ್ತೀನಿ, ಲೇಖನಿಯನ್ನೂ ಕೊಡೋದಾದರೆ.

ಚರ್ಚೆಯಲ್ಲಿ ಬಂದ ಎರಡು ಪ್ರಶ್ನೆಗಳನ್ನು ಸೇರಿಸಿ ಮುಗಿಸ್ತೀನಿ. ಆದವಾನಿ ಬಳ್ಳಾರಿಯಲ್ಲೇ ಉಳಿದಿದ್ದರೆ ಅಲ್ಲಿ ಕನ್ನಡ ಇನ್ನೂ ಚೆನ್ನಾಗಿ ಇರ್ತಿತ್ತಲ್ಲವೇ ಅಂತ ಮೇಷ್ಟ್ರೊಬ್ಬರು ಕೇಳಿದರು. ಆದವಾನಿ ಪಟ್ಟಣದ ಮಟ್ಟಿಗೆ ಕೇಳ್ಕರ್ ತೀರ್ಪು ಅನ್ಯಾಯ ಅಂತ ನನಗೆ ಅನ್ನಿಸೋದಿಲ್ಲ ಸಾರ್. ಅದು ತೆಲುಗು, ಉರ್ದು ಮಾತಾಡುವವರು ಹೆಚ್ಚಿರುವ ಊರು, ಕನ್ನಡ ಮೂರನೆಯದು. ಆಲೂರು, ಹೊಳಗುಂದ, ಹಾಲಹರ್ವಿ, ಕೌತಾಳದ ಅಂಚಿನ ಹಳ್ಳಿಗಳ ಮಾತು ಬೇರೆ. ಅಲ್ಲಿ ಸರ್ಕಾರಿ ಕನ್ನಡ ಶಾಲೆಗಳಿವೆ, ನಾನೂ ಅಲ್ಲೇ ಕಲಿತದ್ದು. ಆಂಧ್ರ ಸರ್ಕಾರ ಕನ್ನಡದಲ್ಲಿ ಅಚ್ಚು ಹಾಕಿಸಿದ ಪಠ್ಯಪುಸ್ತಕದಲ್ಲಿ. ಹತ್ತನೇ ತರಗತಿ ಆದ ಮೇಲೆ ಕನ್ನಡದಲ್ಲೇ ಮುಂದೆ ಓದಬೇಕೆಂದರೆ ಬಳ್ಳಾರಿಯ ಬಸ್ಸು ಹತ್ತಬೇಕು. ಅದು ಮೇಯರ್ ಕೈಯಲ್ಲೂ ಇಲ್ಲ, ಚೇರ್ಮನ್ ಕೈಯಲ್ಲೂ ಇಲ್ಲ.

ಎರಡನೆಯದು ಗೆಳತಿಯೊಬ್ಬಳ ಪ್ರಶ್ನೆ: 2022ರ ಏಪ್ರಿಲಿನಲ್ಲಿ ನಂದ್ಯಾಲ ಬೇರೆ ಜಿಲ್ಲೆ ಆದ ಮೇಲೆ ಆದವಾನಿಗೂ ಜಿಲ್ಲೆ ಬೇಕು ಅಂತ ಕೂಗು ಇದೆಯಲ್ಲ, ಆಗ ಅಲ್ಲೂ ಕಾರ್ಪೊರೇಷನ್, ಮೇಯರ್ ಬಂದರೆ ಏನಾಗುತ್ತೆ ಅಂತ. ಬೋರ್ಡು ಬದಲಾಗುತ್ತೆ. ಮನೆ ತೆರಿಗೆ ಹೆಚ್ಚಬಹುದು. ನಲ್ಲಿ ಬಾರದ ದಿನ ಜನ ಬೈಯೋದು ಕಮಿಷನರನ್ನಲ್ಲ, ತುಂಗಭದ್ರಾ ಮಂಡಳಿಯನ್ನೂ ಅಲ್ಲ. ಈಗ ಚೇರ್ಮನ್ನನ್ನು ಬೈತಾರೆ, ಆಗ ಮೇಯರನ್ನು ಬೈತಾರೆ. ಆಯ್ತು, ಸಮಯ ಮುಗೀತು ಅಂತ ಮೇಡಂ ಹೇಳ್ತಿದ್ದಾರೆ, ಮ್ಯೂಟ್ ಮಾಡ್ಕೊಳ್ತೀನಿ.